ಕವುಚಿಟ್ಟ ಬುಟ್ಟಿ

ಹಬ್ಬುವಾಡ, ಕಾರವಾರ
೯ ಜೂನ್ ೨೦೨೫

ಹೀರಕ್ಕನಿಗೆ ಗಂಗೆಯ ನಮಸ್ಕಾರ.

ಈ ಕಾಗದ ನೋಡಿ ನಿಮಗೆ ಆಶ್ಚರ್ಯವಾಗಬಹುದು. ನಾನು ಮನೆ ಬಿಟ್ಟು ಹದಿನೇಳು ತಿಂಗಳಾಯಿತು. ಅಷ್ಟರಲ್ಲಿ ನೀವು ಎರಡು ಸಲ ಫೋನ್ ಮಾಡಿದಿರಿ, ನಾನು ಒಂದು ಸಲ ಮಾಡಿದೆ. ಮೂರೂ ಸಲ ನೀವು "ಊಟ ಆಯ್ತನೇ?" ಎಂದು ಕೇಳಿದಿರಿ, ನಾನು "ಆಯ್ತು, ನಿಮ್ದು?" ಎಂದೆ. ಆಮೇಲೆ ಇಬ್ಬರಿಗೂ ಮಾತು ಹೊರಡಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಹೋದ ತಿಂಗಳು ಕೋರ್ಟಿನ ಕಾಗದ ಬಂತು. ರೋಷನನಿಗೂ ನನಗೂ ಇನ್ನು ಗಂಡ ಹೆಂಡತಿ ಎಂಬ ಸಂಬಂಧ ಇಲ್ಲವಂತೆ. ಎರಡೆರಡು ಸಲ ಓದಿದೆ. ನಿಮ್ಮ ತಮ್ಮನ ಹೆಸರಿದೆ, ನನ್ನ ಹೆಸರಿದೆ, ಮದುವೆಯ ತಾರೀಕಿದೆ. ನಿಮ್ಮ ಹೆಸರು ಮಾತ್ರ ಎಲ್ಲೂ ಇಲ್ಲ. ಅವನು ಗೋವೆಯ ಬೋಟಿನ ಮೇಲೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಐದು ವರ್ಷ ದಿನಾ ಬೆಳಗ್ಗೆ ಮೀನು ಮಾರ್ಕೆಟ್ಟಿನಲ್ಲಿ ನಾನು ಕೂತದ್ದು ನಿಮ್ಮ ಪಕ್ಕದಲ್ಲಿ. ನಿಮಗೂ ನನಗೂ ಈಗ ಏನು ಸಂಬಂಧ ಎಂದು ಆ ಕಾಗದದಲ್ಲಿ ಹುಡುಕಿದೆ. ಹುಚ್ಚು ನನಗೆ.

ನಾನು ಇಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ದೇವಕಿ ಟೀಚರ್ ಎಂಬವರ ಮನೆಯ ಹಿಂದೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿದೆ. ಅವರು ಭಟ್ಟರ ಪೈಕಿ, ರಿಟೈರ್ ಆದವರು, ಒಳ್ಳೆಯವರು. ಒಂದೇ ನಿಯಮ, ಕೋಣೆಯಲ್ಲಿ ಮೀನು ಬೇಯಿಸಬಾರದು. ನಾನು ಒಪ್ಪಿಕೊಂಡೆ.

ಆದರೆ ಹೀರಕ್ಕ, ಒಂದು ವಿಷಯ ಹೇಳುತ್ತೇನೆ, ನಗಬೇಡಿ. ಭಾನುವಾರ ಅಂಗಡಿಗೆ ರಜೆ. ಅವತ್ತು ನಾನು ಇಲ್ಲಿಯ ಮೀನು ಮಾರ್ಕೆಟ್ಟಿಗೆ ಹೋಗಿ ಸುಮ್ಮನೆ ನಿಲ್ಲುತ್ತೇನೆ. ಆ ಗಲಾಟೆ ಕಿವಿಗೆ ಬೀಳಬೇಕು ನನಗೆ. ಹೋದ ಭಾನುವಾರ ಒಬ್ಬಳು, "ಎಂತ ಬೇಕು ತಂಗೀ? ಬರೀ ನೋಡೂದಾ?" ಎಂದು ಗದರಿದಳು. ನಾಚಿಕೆಯಾಗಿ ಆರು ಬಂಗಡೆ ಕೊಂಡೆ. ಕೋಣೆಗೆ ಒಯ್ಯುವ ಹಾಗಿಲ್ಲ. ಚೀಲ ಹಿಡಿದು ಸಮುದ್ರದ ದಂಡೆಯಲ್ಲಿ ಒಂದು ಗಂಟೆ ಕೂತೆ. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಕಂಡ ಒಬ್ಬ ಅಜ್ಜಿಗೆ ಕೊಟ್ಟೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಳಾಗಿದ್ಯನೇ?" ಎಂದು ಕಿವಿರು ಎತ್ತಿ ನೋಡಿದಳು. ಆಗ ನಿಮ್ಮ ನೆನಪಾಗಿ ಅಲ್ಲೇ ಅಳು ಬಂತು.

ನಾನು ಒಂಟಿಯಾಗಿದ್ದೇನೆ ಹೀರಕ್ಕ. ಇದನ್ನು ಯಾರಿಗೂ ಹೇಳಿಲ್ಲ. ಅಗಸೂರಿನ ತವರಿಗೆ ಹೋಗುವ ಹಾಗಿಲ್ಲ. ಸಮುದ್ರದವನನ್ನು ಕಟ್ಟಿಕೊಂಡ ದಿನವೇ ಅಪ್ಪ, "ಈ ಬಾಗಲು ಇನ್ನು ನಿಂಗಲ್ಲ" ಎಂದ. ನನ್ನಪ್ಪ ಬೊಮ್ಮಯ್ಯ ಒಂದು ಮಾತಾಡಿದರೆ ಅದೇ ಕೊನೆ ಎಂದು ಊರೇ ಹೇಳುತ್ತದೆ. ಇನ್ನು ನಿಮ್ಮ ಮನೆ.

ಅದನ್ನೇ ಕೇಳಬೇಕಿತ್ತು. ರೋಷನ ಗೋವೆಯ ಆ ಹೆಂಗಸಿನ ವಿಷಯ ಹೇಳಿದ ಮೇಲೆ ನಾನು ಮೂರು ದಿನ ಕೋಣೆಯ ಬಾಗಿಲು ಹಾಕಿಕೊಂಡು ಬಿದ್ದಿದ್ದೆ, ನಿಮ್ಮ ಹತ್ತಿರವೂ ಮಾತಾಡಲಿಲ್ಲ. ನಾಲ್ಕನೆಯ ದಿನ ಮಾರ್ಕೆಟ್ಟಿಗೆ ಬಂದೆ. ಎಲ್ಲಾದರೂ ಬಿದ್ದುಕೊಳ್ಳುತ್ತೇನೆ, ನಿಮ್ಮ ಪಕ್ಕ ಬಿಡುವುದಿಲ್ಲ ಎಂದು ನಿಶ್ಚಯಿಸಿಯೇ ಬಂದಿದ್ದೆ. ನೋಡಿದರೆ ನನ್ನ ಜಾಗದ ಮೇಲೆ ನಿಮ್ಮ ಬುಟ್ಟಿ ಕವುಚಿ ಇತ್ತು. ನಿಮ್ಮದೇ, ನಮ್ಮತ್ತೆ ಆಯಿಯ ಕಾಲದ ಬಿದಿರು ಬುಟ್ಟಿ. ನಾನು ಹಾಗೇ ತಿರುಗಿ ಬಸ್ ಹತ್ತಿದೆ.

ಮೂರೇ ದಿನಕ್ಕೆ ನನ್ನ ಜಾಗ ಹಿಡಿದುಬಿಟ್ಟಿರೇ ನೀವು?

ಇಷ್ಟೇ ಕೇಳಬೇಕಿತ್ತು.

ನಿಮ್ಮ
ಗಂಗೆ

•

ಅಂಕೋಲಾ
೧೭ ಜೂನ್ ೨೦೨೫

ಗಂಗೂ,

ಯಾವಾಗಿಂದ ನಾನು ನಿನಗೆ "ನೀವು" ಆದೆ? ಯಾವುದೋ ಬ್ಯಾಂಕಿನವರ ಕಾಗದ ಇರಬೇಕು ಎಂದು ಲಕೋಟೆ ತಿರುಗಿಸಿ ವಿಳಾಸ ನೋಡಿದೆ. ಇನ್ನೊಂದು ಸಲ ಹಾಗೆ ಬರೆದರೆ ಒಡೆಯದೆ ವಾಪಸು ಕಳಿಸುತ್ತೇನೆ. ನಾನು ಏಳನೇ ಇಯತ್ತೆ ಓದಿದವಳು, ಅಕ್ಷರ ಗುಂಡಗಿವೆ, ಒತ್ತು ದೀರ್ಘ ನನ್ನ ಮನಸ್ಸಿಗೆ ಬಂದ ಹಾಗೆ. ಸುಧಾರಿಸಿಕೊಂಡು ಓದು.

ಈಗ ಬುಟ್ಟಿಯ ಮಾತು. ಅಯ್ಯೋ ಹುಚ್ಚೀ! ಹದಿನೇಳು ತಿಂಗಳು ಇದನ್ನೇ ಎದೆಯಲ್ಲಿಟ್ಟುಕೊಂಡು ಕೂತಿದ್ದೀಯಾ? ನಾನು ಆ ಹೊತ್ತು ಮೀನಿನ ಮೇಲೆ ಹಾಕುವ ಬರ್ಫ ತರಲು ಹೋಗಿದ್ದೆ. ನೀನು ಬಂದಿದ್ದೆ ಎಂಬುದೇ ನಿನ್ನ ಕಾಗದ ಓದಿ ಗೊತ್ತಾಯಿತು. ಓದಿ ತಲೆ ಚಚ್ಚಿಕೊಂಡೆ. ಎದುರಿಗೆ ಇದ್ದಿದ್ದರೆ ನಿನ್ನ ತಲೆಗೂ ಎರಡು ಬೀಳುತ್ತಿತ್ತು.

ಕೇಳು. ನಮ್ಮ ಮಾರ್ಕೆಟ್ಟಿನಲ್ಲಿ ಒಬ್ಬಳು ಒಂದು ದಿನ ಬರದಿದ್ದರೆ ಪಕ್ಕದವಳು ಅವಳ ಮೀನು ಮಾರುತ್ತಾಳೆ. ಎರಡು ದಿನವೂ ಅಷ್ಟೆ. ಅದು ನಿನಗೆ ಗೊತ್ತು, ನೀನೂ ಮಾಡಿದ್ದೀಯಾ. ಮೂರನೇ ದಿನವೂ ಬರದಿದ್ದರೆ ಪಕ್ಕದವಳು ತನ್ನ ಬುಟ್ಟಿ ತಂದು ಆ ಜಾಗದ ಮೇಲೆ ಕವುಚಿ ಇಡಬೇಕು. ಹೋದವಳ ಬುಟ್ಟಿ ಅಲ್ಲ, ತನ್ನದೇ. ಇವಳು ಬರುತ್ತಾಳೆ, ಯಾರೂ ಇಲ್ಲಿ ಕೂರಬೇಡಿ ಎಂದು ಅದರ ಅರ್ಥ. ಆಮೇಲೆ ಆ ಬುಟ್ಟಿಯನ್ನು ಯಾರೂ ಎತ್ತುವ ಹಾಗಿಲ್ಲ. ಇಟ್ಟವಳೂ ಎತ್ತುವ ಹಾಗಿಲ್ಲ. ಹೋದವಳೇ ಬಂದು ಮಗುಚಬೇಕು.

ಇದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹೋದವಳು ತಡ ಮಾಡುತ್ತಾಳೆ ಎಂಬ ಹೆದರಿಕೆ. ನಮ್ಮ ಹುಡುಗಿಯರು ಆಯಿಯ ಸೆರಗು ಹಿಡಿದುಕೊಂಡು ನೋಡಿ ಕಲಿಯುತ್ತಾರೆ. ನಿನ್ನ ಐದು ವರ್ಷದಲ್ಲಿ ನಮ್ಮ ಸಾಲಿನಲ್ಲಿ ಒಬ್ಬಳೂ ಮೂರು ದಿನ ತಪ್ಪಿಸಲಿಲ್ಲ, ಎಲ್ಲ ಗಟ್ಟಿ ಮುದುಕಿಯರು. ಮತ್ತೆ ನೀನು ಗದ್ದೆ ಮನೆಯಿಂದ ಬಂದವಳು ಎಂಬುದು ನನಗೆ ಮರೆತೇಹೋಗಿತ್ತು. ನಮ್ಮವಳೇ ಎಂದುಕೊಂಡಿದ್ದೆ. ಅದು ನನ್ನ ತಪ್ಪು.

ಬುಟ್ಟಿ ಇನ್ನೂ ಅಲ್ಲೇ ಇದೆ. ನಾನು ಈಗ ಪ್ಲಾಸ್ಟಿಕ್ ಟಬ್ಬಿನಲ್ಲಿ ಮೀನು ಇಟ್ಟುಕೊಂಡು ಕೂತಿರುತ್ತೇನೆ. ನಾಗಕ್ಕ ದಿನಾ ಕೇಳುತ್ತಾಳೆ, "ಹೀರಾ, ಅದ್ರ ಒಳ್ಗೆ ಕೋಳಿ ಮರಿ ಮುಚ್ಚಿಟ್ಟಿದ್ಯನೇ? ಇಷ್ಟೊತ್ತಿಗೆ ಹುಂಜ ಆಗಿರ್ಬೇಕು." ಆ ಮುದುಕಿಗೆ ಹಲ್ಲಿಲ್ಲ, ನಾಲಿಗೆ ಮಾತ್ರ ಇದೆ.

ಮತ್ತೆ ಒಂಟಿತನ ಗಿಂಟಿತನ ಎಂದೆಲ್ಲ ಬರೆದಿದ್ದೀಯಾ. ಹೊಟ್ಟೆ ತುಂಬ ಉಣ್ಣು, ಎಣ್ಣೆ ಹಚ್ಚಿ ತಲೆ ಸ್ನಾನ ಮಾಡು. ನನ್ನನ್ನು ನೋಡು, ಅದಕ್ಕೆಲ್ಲ ಪುರಸೊತ್ತೇ ಇಲ್ಲ.

ಆ ಆರು ಬಂಗಡೆ ಗಟ್ಟಿಯಿದ್ದವೋ ಮೆತ್ತಗಿದ್ದವೋ? ಕಾರವಾರದವರು ನಿನಗೆ ಹಳತು ಕಟ್ಟಿರುತ್ತಾರೆ.

ಬೈದುಕೊಂಡೇ ಬರೆದ
ಹೀರಾ

•

ಹಬ್ಬುವಾಡ
೨ ಜುಲೈ ೨೦೨೫

ಹೀರಕ್ಕಾ,

ನಿನ್ನ ಕಾಗದವನ್ನು ಅಂಗಡಿಯ ವಿಳಾಸಕ್ಕೆ ತರಿಸಿದ್ದು ತಪ್ಪಾಯಿತು. ಬಟ್ಟೆ ಹಾಕಿ ನೋಡುವ ಕೋಣೆಯೊಳಗೆ ಚಿಲಕ ಹಾಕಿಕೊಂಡು ಓದಿದೆ. ಹೊರಗೆ ಒಬ್ಬ ಗಿರಾಕಿ ಚೂಡಿದಾರ ಹಿಡಿದು ಬಾಗಿಲು ಬಡಿಯುತ್ತಿದ್ದಾಳೆ, ಒಳಗೆ ನಾನು ಬಿಕ್ಕುತ್ತಿದ್ದೇನೆ. ಆಮೇಲೆ ಕಣ್ಣಿಗೆ ಧೂಳು ಹೋಯಿತು ಎಂದು ಸುಳ್ಳು ಹೇಳಿದೆ.

ಹದಿನೇಳು ತಿಂಗಳು ಆ ಬುಟ್ಟಿ ನನ್ನನ್ನು ಕರೆಯುತ್ತಿತ್ತು, ನಾನು ಅದು ನನ್ನನ್ನು ಹೊರಗೆ ಹಾಕಿತು ಎಂದುಕೊಂಡೆ. ಬಂಗಡೆ ಮೆತ್ತಗಿದ್ದವು. ನೀನು ಹೇಳಿದ್ದು ನಿಜ.

ಇನ್ನೊಂದು ಸಂಗತಿ ನಡೆಯಿತು. ನಿನ್ನ ಕಾಗದ ಬಂದ ವಾರದ ಭಾನುವಾರ ನಾನು ಮತ್ತೆ ಮೀನು ಕೊಂಡೆ, ಈ ಸಲ ಕಿವಿರು ನೋಡಿಯೇ ಕೊಂಡೆ. ಕೊಟ್ಟುಬಿಡಲು ಮನಸ್ಸು ಬರಲಿಲ್ಲ. ಗೇಟಿನ ಹತ್ತಿರ ಬಂದು ಒಳಗೂ ಹೋಗಲಾರದೆ ಹೊರಗೂ ಹೋಗಲಾರದೆ ಮಳೆಯಲ್ಲಿ ನಿಂತಿದ್ದೆ. ದೇವಕಿ ಟೀಚರ್ ಕೊಡೆ ಹಿಡಿದು ಬಂದರು. "ಎಂತಾಯ್ತು? ಯಾಕೆ ನೆನೀತಾ ಇದ್ದೀಯಾ?" ಎಂದು ಕೇಳಿದರು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. "ಟೀಚರ್, ನಂಗೆ ಯಾರೂ ಇಲ್ಲ. ಈ ಮೀನಿನ ವಾಸನೆ ಬಿಟ್ರೆ ನಂಗೆ ನಮ್ಮನೆ ಅಂತ ಅನ್ಸೂದೇ ಇಲ್ಲ" ಎಂದುಬಿಟ್ಟೆ.

ಅವರು ಕೊಡೆಯನ್ನು ನನ್ನ ತಲೆಯ ಮೇಲೂ ಹಿಡಿದರು. ಆಮೇಲೆ, "ಹಿತ್ಲಲ್ಲಿ ಬಚ್ಚಲು ಒಲೆ ಇದೆ. ಅಲ್ಲಿ ಬೇಯ್ಸು. ಪಾತ್ರೆ ನಿಂದೇ ಇರ್ಲಿ" ಎಂದರು. ನಾನು ಅಲ್ಲಿ ಸಾರು ಕುದಿಸುತ್ತಿದ್ದರೆ ಅವರು ಗಾಳಿ ಬರುವ ದಿಕ್ಕು ನೋಡಿ ಹತ್ತು ಮಾರು ದೂರ ಕುರ್ಚಿ ಹಾಕಿ ಕೂತರು. ಮೂಗಿಗೆ ಸೆರಗು ಹಿಡಿದುಕೊಂಡೇ ಮಾತಾಡಿದರು. ಅವರ ಮನೆಯಲ್ಲಿ ಬೆಳಗ್ಗೆಯಿಂದ ಟೀವಿ ಹಾಕಿರುತ್ತದೆ, ನೋಡುವುದಕ್ಕಲ್ಲವಂತೆ, ಒಂದು ಧ್ವನಿ ಇರಲಿ ಎಂದು. "ನಲ್ವತ್ತು ಮಕ್ಳ ಗದ್ಲ ಕೇಳಿದ ಕಿವಿ ಇದು" ಎಂದರು. ಒಂದೇ ಕಂಪೌಂಡಿನಲ್ಲಿ ಒಂದು ವರ್ಷ ಇದ್ದೆವು ಹೀರಕ್ಕ, ಒಬ್ಬರ ಸಂಕಟ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಈಗ ದಿನಾ ಸಂಜೆ ಅವರ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತೇವೆ. ಟೀವಿ ಆರಿಸಿರುತ್ತಾರೆ.

ಬಾಯಿಬಿಟ್ಟು ಹೇಳಿದ ಮೇಲೆ ಎಷ್ಟು ಹಗುರವಾಯಿತು ಗೊತ್ತೇ? ಅದಕ್ಕೆ ನಿನ್ನನ್ನೂ ಕೇಳುತ್ತೇನೆ. ಪುರಸೊತ್ತಿಲ್ಲ ಎಂದು ಬರೆದಿದ್ದೀಯಾ. ಮಾರ್ಕೆಟ್ಟು ಒಂದು ಗಂಟೆಗೆ ಮುಗಿಯುತ್ತದೆ, ನನಗೆ ಗೊತ್ತಿಲ್ಲವೇ? ಮನೆಗೆ ಬಂದ ಮೇಲೆ ಯಾರ ಜೊತೆ ಚಹಾ ಕುಡಿಯುತ್ತೀಯಾ? ಎಣ್ಣೆ ಸ್ನಾನದ ಮಾತು ಬೇಡ, ನಿಜ ಬರೆ.

ನಿನ್ನ
ಗಂಗೂ

•

ಅಂಕೋಲಾ
೧೨ ಆಗಸ್ಟ್ ೨೦೨೫

ಗಂಗೂ,

ಒಂದು ಪ್ರಶ್ನೆಗೆ ಉತ್ತರ ಬರೆಯಲು ನಲವತ್ತು ದಿನ ತೆಗೆದುಕೊಂಡೆ. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಇದನ್ನು ಹರಿಯುವುದಿಲ್ಲ.

ಮನೆಗೆ ಬರುತ್ತೇನೆ. ಕೈಗೆ ಲಿಂಬೆ ಉಜ್ಜಿ ತೊಳೆಯುತ್ತೇನೆ. ಚಹಾ ಮಾಡುತ್ತೇನೆ. ನೀನು ಹೋದ ಹೊಸತರಲ್ಲಿ ಕೈ ತಪ್ಪಿ ಎರಡು ಲೋಟ ಮಾಡುತ್ತಿದ್ದೆ, ಎರಡನ್ನೂ ನಾನೇ ಕುಡಿಯುತ್ತಿದ್ದೆ. ಈಗ ಒಂದೇ ಮಾಡುತ್ತೇನೆ. ಬಾಗಿಲಲ್ಲಿ ನಿಂತು ಕುಡಿಯುತ್ತೇನೆ, ಯಾರಾದರೂ ಹೋಗುವವರು ಕಂಡರೆ ಒಂದು ಮಾತಾಡಬಹುದು ಎಂದು.

ಮೊನ್ನೆ ನಾರಳಿ ಹುಣ್ಣಿಮೆ ಆಯಿತು. ಸಮುದ್ರಕ್ಕೆ ತೆಂಗಿನಕಾಯಿ ಕೊಡಲು ಎಲ್ಲರೂ ಮನೆಮಂದಿ ಕೂಡಿ ಬರುತ್ತಾರೆ. ನಾನು ಒಬ್ಬಳೇ ಕಾಯಿ ಹಿಡಿದು ಹೋದೆ. ನಮ್ಮ ಸಾಲಿನ ಸುಮಲತಾ ತನ್ನ ಮನೆಯವರ ನಡುವೆ ಜಾಗ ಮಾಡಿಕೊಟ್ಟಳು, ಪಾಪ. ಅವಳ ಹೊಸ ಸೊಸೆ, "ಇವ್ರ ಮನೆಯವ್ರೆಲ್ಲ ಎಲ್ಲಿ?" ಎಂದು ಕೇಳಿತು. ಅದಕ್ಕೇನು ಗೊತ್ತು, ಮಗು. ನಾನು ಕಾಯಿ ಎಸೆದು ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ನನಗೆ ಒಂಟಿ ಅನ್ನಿಸುತ್ತದೆ ಗಂಗೂ. ಬಹಳ ಅನ್ನಿಸುತ್ತದೆ. ನಲವತ್ತಾರು ವರ್ಷಕ್ಕೆ ಇದನ್ನು ಮೊದಲ ಸಲ ಬರೆಯುತ್ತಿದ್ದೇನೆ.

ಇನ್ನೊಂದು ಇದೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ನಾಟಕ ಆಗುತ್ತದೆ.

ರೋಷನನಿಗೆ ಗೋವೆಯಲ್ಲಿ ಇನ್ನೊಬ್ಬಳಿದ್ದಾಳೆ ಎಂದು ನನಗೆ ನಿನಗಿಂತ ಮೊದಲೇ ಗೊತ್ತಿತ್ತು. ನೀನು ಹೋಗುವ ಮೊದಲಿನ ಚೌತಿಗೆ ಅವನ ಬೋಟಿನ ರೂಪೇಶ ಬಂದವನು ಹೇಳಿದ. ನಾನು ತಮ್ಮನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದೆ. "ಅಕ್ಕಾ, ಗಂಗೆಗೆ ಹೇಳ್ಬೇಡ, ನಾ ಎಲ್ಲ ಸರಿ ಮಾಡ್ತೆ" ಎಂದ. ಸರಿ ಮಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನಾಲ್ಕು ತಿಂಗಳು ದಿನಾ ನಿನ್ನ ಪಕ್ಕದಲ್ಲಿ ಕೂತು, ನಗುತ್ತಾ, ಹೇಳದೇ ಇದ್ದೆ.

ಮನೆಯ ಮರ್ಯಾದೆಗೆ ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಗೊತ್ತಾದರೆ ನೀನು ಹೋಗಿಬಿಡುತ್ತೀ, ನಾನು ಒಬ್ಬಳೇ ಆಗುತ್ತೇನೆ ಎಂಬ ಹೆದರಿಕೆಗೆ ಸುಮ್ಮನಿದ್ದೆ. ನನ್ನ ಹೆದರಿಕೆಗೆ ನಿನ್ನ ನಾಲ್ಕು ತಿಂಗಳು ತಿಂದೆ.

ಮತ್ತೆ ಒಂದು ಸುದ್ದಿ. ಮಾರ್ಕೆಟ್ಟಿಗೆ ಹೊಸ ಕಟ್ಟಡ ಆಗುತ್ತಿದೆ. ಅಲ್ಲಿ ಒಂದೊಂದು ಜಾಗಕ್ಕೆ ನಂಬರು ಹಾಕಿ ಹೆಸರು ಬರೆಯುತ್ತಾರಂತೆ. ಅಕ್ಟೋಬರ್ ಮೂವತ್ತೊಂದರ ಒಳಗೆ ಹೆಸರು ಕೊಡಬೇಕು. ಕೊಡದ ಜಾಗ ಹೋಯಿತು. ನಿನ್ನದು ಆಯಿಯ ಜಾಗ. ಅತ್ತೆಯಿಂದ ಸೊಸೆಗೆ ಬರುವುದು ನಮ್ಮ ರೂಢಿ. ಹಾಗೆಂದೇ ರೋಷನ ಫೋನ್ ಮಾಡಿದ್ದ, ಈಗಿನವಳ ಹೆಸರು ಬರೆಸು ಎಂದು. ನಾನು ಏನೂ ಹೇಳಿಲ್ಲ.

ಇಷ್ಟು ಓದಿದ ಮೇಲೆ ನೀನು ಬರೆದರೂ ಸರಿ, ಬರೆಯದಿದ್ದರೂ ಸರಿ. ಸರಿ ಎಂದು ಬರೆದೆ. ಸರಿ ಇಲ್ಲ.

ಹೀರಾ

•

ಅಂಕೋಲಾ
೨೦ ಸೆಪ್ಟೆಂಬರ್ ೨೦೨೫

ಗಂಗೂ,

ಚೌತಿಯೂ ಹೋಯಿತು. ಪೋಸ್ಟಿನವನು ನನ್ನನ್ನು ದೂರದಿಂದ ಕಂಡರೆ ಈಗ ತಲೆ ಅಲ್ಲಾಡಿಸಿಯೇ ಹೋಗುತ್ತಾನೆ, ಹತ್ತಿರ ಬರುವುದಿಲ್ಲ.

ಕ್ಷಮಿಸು ಎಂದು ಕೇಳಲು ಬರೆದದ್ದಲ್ಲ. ಹೆಸರು ಬರೆಸಲು ನಿನ್ನ ಆಧಾರ್ ಕಾರ್ಡಿನ ಜೆರಾಕ್ಸ್ ಬೇಕು. ನಿನಗೆ ಆ ಜಾಗ ಬೇಡ ಎಂದಾದರೆ ಒಂದು ಖಾಲಿ ಕಾಗದ ಕಳಿಸು, ಸಾಕು. ಆದರೆ ಬುಟ್ಟಿ ಎತ್ತು ಎಂದು ಮಾತ್ರ ನನಗೆ ಹೇಳಬೇಡ. ನಾನು ಎತ್ತುವ ಹಾಗಿಲ್ಲ.

ಮಳೆ ಕಡಿಮೆಯಾಗಿದೆ. ಬಂಗಡೆ ಬರುತ್ತಿದೆ, ಗಟ್ಟಿ ಇದೆ.

ಹೀರಾ

•

ಹಬ್ಬುವಾಡ
೧೨ ಅಕ್ಟೋಬರ್ ೨೦೨೫

ಹೀರಕ್ಕ,

ಎರಡು ತಿಂಗಳು ನಾನು ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ಈಗಲೂ ಪೂರ್ತಿ ಇಳಿದಿಲ್ಲ. ಇಳಿಯಲಿ ಎಂದು ಕಾದರೆ ನಿನ್ನ ತಾರೀಕು ಮೀರುತ್ತದೆ.

ರೋಷನ ಮಾಡಿದ್ದು ನನಗೆ ಇಷ್ಟು ಚುಚ್ಚಲಿಲ್ಲ. ಅವನು ಮನೆಯಲ್ಲಿದ್ದದ್ದೇ ಕಡಿಮೆ. ಆದರೆ ನೀನು! ಆ ನಾಲ್ಕು ತಿಂಗಳು ನನಗೆ ಚೆನ್ನಾಗಿ ನೆನಪಿದೆ. ದಿನಾ ದೊಡ್ಡ ಮೀನು ನನ್ನ ಬುಟ್ಟಿಗೆ ಹಾಕುತ್ತಿದ್ದೆ. ಊಟಕ್ಕೆ ಕೂತರೆ ತಲೆಯ ತುಂಡು ನನ್ನ ತಾಟಿಗೇ. ನನಗೆ ಜ್ವರ ಬಂದಾಗ ಕಾಲು ತಿಕ್ಕಿದೆ. ಅಕ್ಕನಿಗೆ ನನ್ನ ಮೇಲೆ ಎಷ್ಟು ಮಾಯೆ, ಎಷ್ಟು ಪ್ರೀತಿ ಎಂದುಕೊಂಡಿದ್ದೆ. ಈಗ ಒಂದೊಂದನ್ನೂ ತಿರುಗಿಸಿ ನೋಡಬೇಕಾಗಿದೆ, ಇದು ಮಾಯೆಯೋ, ತಪ್ಪು ಮುಚ್ಚುವುದಕ್ಕೋ ಎಂದು. ಅಷ್ಟು ಹಾಳು ಮಾಡಿದೆ ನೀನು. ಇದನ್ನು ನಿನಗೆ ಹೇಳಲೇಬೇಕು.

ಸೀರೆ ಮಡಿಸುವಾಗ ನಿನಗೆ ಬೈದೆ. ಬಟ್ಟೆ ಒಗೆಯುವಾಗ ಬೈದೆ. ನೀನು ಏನು ಉತ್ತರ ಕೊಡುತ್ತೀ ಎಂದು ನಾನೇ ಹೇಳಿಕೊಂಡು ಅದಕ್ಕೂ ಬೈದೆ. ಒಂದು ದಿನ ದೇವಕಿ ಟೀಚರ್, "ಯಾರ ಹತ್ರ ಮಾತಾಡ್ತೀಯೇ ಇಡೀ ದಿನ?" ಎಂದು ಕೇಳಿದರು. "ನಮ್ಮ ಹೀರಕ್ಕನ ಹತ್ರ" ಎಂದೆ. ಹಾಗೆ ಹೇಳಿದ ಮೇಲೆ ನನಗೇ ಹೊಳೆಯಿತು. ಈ ಎರಡು ತಿಂಗಳು ನನಗೆ ಒಮ್ಮೆಯೂ ಒಂಟಿ ಅನ್ನಿಸಿರಲಿಲ್ಲ. ಬೈಯುವುದಕ್ಕೆ ಒಬ್ಬಳಿದ್ದಳು.

ನಿನ್ನ ಜಾಗದಲ್ಲಿ ನಾನಿದ್ದರೆ ಹೇಳುತ್ತಿದ್ದೆನೇ ಎಂದೂ ಕೇಳಿಕೊಂಡೆ. ಗೊತ್ತಿಲ್ಲ ಹೀರಕ್ಕ. ನನ್ನನ್ನು ಬಿಟ್ಟು ಹೋಗಬಾರದು ಎಂದು ಒಬ್ಬರು ಅಷ್ಟು ಹೆದರಿದ್ದರು ಎಂಬುದು, ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಸಂತೋಷವನ್ನೂ ಕೊಟ್ಟಿತು. ಅದಕ್ಕೂ ನನ್ನ ಮೇಲೆ ನನಗೇ ಸಿಟ್ಟು ಬಂತು.

ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಆದರೆ ಕೇಳು. ನಾನು ಅಂಗಡಿ ಕೆಲಸ ಬಿಡುವುದಿಲ್ಲ. ಈ ಕೋಣೆಯನ್ನೂ ಬಿಡುವುದಿಲ್ಲ, ಸಂಜೆ ಟೀಚರಿಗೆ ಚಹಾ ಇದೆ. ಭಾನುವಾರ ಮಾತ್ರ ಬರುತ್ತೇನೆ. ಅವತ್ತೇ ಮಾರ್ಕೆಟ್ಟಿನಲ್ಲಿ ಹೆಚ್ಚು ಗದ್ದಲ, ನಿನಗೆ ಎರಡು ಕೈ ಸಾಲುವುದಿಲ್ಲ. ಉಳಿದ ಆರು ದಿನ ನೀನು ಆ ಜಾಗದಲ್ಲಿ ನಿನ್ನ ಮೀನು ಹರಡಿಕೋ. ವಾರಕ್ಕೊಂದು ದಿನದವಳಿಗೆ ಜಾಗ ಕೊಡುವ ರೂಢಿ ಇಲ್ಲ ಎಂದಾದರೆ ಬೇಡ, ಬರೆಯಬೇಡ. ಮತ್ತೆ ಇನ್ನು ಮುಂದೆ ನನ್ನಿಂದ ಏನನ್ನೂ ಮುಚ್ಚಿಡಬಾರದು, ನನಗೆ ನೋವಾಗುವುದಾದರೂ ಸರಿಯೆ.

ಅರ್ಜಿಯಲ್ಲಿ ನಾನು ನಿನಗೆ ಏನಾಗಬೇಕು ಎಂದು ಕೇಳಿದರೆ ಏನು ಬರೆಸುತ್ತೀ? ಅತ್ತಿಗೆಯಲ್ಲ, ನಾದಿನಿಯಲ್ಲ. ಕೋರ್ಟಿನ ಪ್ರಕಾರ ನಾನು ನಿನಗೆ ಏನೂ ಅಲ್ಲ.

ಗಂಗೆ

•

ಅಂಕೋಲಾ
೨ ನವೆಂಬರ್ ೨೦೨೫

ಗಂಗೂ,

ನಿನ್ನ ಬೈಗುಳ ಮುಟ್ಟಿತು. ಒಂದನ್ನೂ ಬಿಡದೆ ಓದಿದೆ. ಎಲ್ಲ ಸರಿಯಾಗಿದೆ. ನಿನ್ನ ತಾಟಿಗೆ ತಲೆಯ ತುಂಡು ಹಾಕಿದ್ದು ಯಾಕೆ ಎಂದು ನಾನೂ ಯೋಚಿಸಿದೆ. ಮೊದಲಿಂದಲೂ ಹಾಕುತ್ತಿದ್ದೆ ಮಾರಾಯ್ತಿ, ಆ ನಾಲ್ಕು ತಿಂಗಳಲ್ಲಿ ಕಣ್ಣು ತಪ್ಪಿಸಿ ಹಾಕುತ್ತಿದ್ದೆ. ಅಷ್ಟೇ ವ್ಯತ್ಯಾಸ. ಇನ್ನು ಮುಚ್ಚಿಡುವುದಿಲ್ಲ. ಆಯಿಯ ಆಣೆ.

ಈಗ ಅರ್ಜಿಯ ಕಥೆ. ಕೊನೆಯ ದಿನ ಹೋದೆ, ಹಿಂದಿನ ದಿನವೆಲ್ಲ ನಿನ್ನ ಪ್ರಶ್ನೆಯನ್ನೇ ಯೋಚಿಸುತ್ತಿದ್ದೆ. ಪಟ್ಟಿ ಬರೆಯಲು ಬಂದ ಗುಮಾಸ್ತ ಮಾರ್ಕೆಟ್ಟಿನಲ್ಲೇ ಮೇಜು ಹಾಕಿ ಕೂತಿದ್ದ. ಚಿಕ್ಕ ಪ್ರಾಯ, ಘಟ್ಟದ ಮೇಲಿನವನು, ಮೂಗಿಗೆ ಕರವಸ್ತ್ರ. ಹೆಸರು ಬರೆದ, ನಂಬರು ಬರೆದ. "ಅರ್ಜಿದಾರರು ಬಂದಿಲ್ಲ, ನೀವು ಅವರಿಗೆ ಏನಾಗಬೇಕು?" ಎಂದ.

ತಂಗಿ ಎನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ಮುಚ್ಚಿಡುವುದಿಲ್ಲ ಎಂದ ಮೇಲೆ ಮೊದಲ ಕೆಲಸಕ್ಕೇ ಸುಳ್ಳು ಯಾಕೆ ಎಂದು, "ಅವ್ಳು ನನ್ನ ಪಕ್ಕದವ್ಳು" ಎಂದೆ.

"ಪಕ್ಕದ ಮನೆಯವರಾ?"

"ಅಲ್ವೋ, ಪಕ್ಕದವ್ಳು. ಮಾರ್ಕೆಟ್ಟಲ್ಲಿ ಪಕ್ಕದಲ್ಲಿ ಕೂರವ್ಳು."

"ಅದು ಸಂಬಂಧ ಅಲ್ಲಮ್ಮ. ರಕ್ತಸಂಬಂಧ ಅಥವಾ ಮದುವೆ ಸಂಬಂಧ ಹೇಳಿ."

ಅಷ್ಟು ಹೇಳಿದ್ದೇ ತಡ, ನಾಗಕ್ಕ ತನ್ನ ಜಾಗದಿಂದ ಎದ್ದಳು. ಆ ಮುದುಕಿ ಹಬ್ಬಕ್ಕೂ ಏಳುವುದಿಲ್ಲ. "ಎಂತ ಅಂದೆ ತಮಾ? ಸಂಬಂಧ ಅಲ್ವಾ? ನಾ ಹೆರಿಗೆಗೆ ಹೋದಾಗ ನನ್ನ ಮೀನು ಮಾರಿದ್ದು ಯಾರು? ಗಂಡನಾ? ನನ್ನ ಗಂಡ ಸತ್ತಾಗ ಹದಿಮೂರು ದಿನ ನನ್ನ ಜಾಗ ಕಾದದ್ದು ಯಾರು? ಅಣ್ಣತಮ್ಮಂದ್ರಾ? ಪಕ್ಕದವ್ಳು! ಬರಿ!" ಎಂದಳು. ಸುಮಲತಾ ಕತ್ತಿ ಹಿಡಿದುಕೊಂಡೇ ಬಂದಳು. ಇಡೀ ಸಾಲು ಬಂತು. ಪಾಪ ಹುಡುಗ, ಕರವಸ್ತ್ರ ಕೆಳಗೆ ಬಿತ್ತು. "ಬರೀತೇನೆ, ಬರೀತೇನೆ" ಎಂದ.

ಬರೆದ. ನಾನು ಓದಿ ನೋಡಿಯೇ ಸಹಿ ಮಾಡಿದೆ. ನಂಬರ್ ೨೩ ಹೀರಾ, ನಂಬರ್ ೨೪ ಗಂಗೆ. ಸಂಬಂಧ: ಪಕ್ಕದವಳು. ವಾರಕ್ಕೊಂದು ದಿನದ ಮಾತನ್ನು ನಾಗಕ್ಕನಿಗೆ ಹೇಳಿದೆ. "ಬಂದ್ರೆ ಸಾಕೇ, ದಿನ ಎಣ್ಸೂದು ಯಾರು" ಎಂದಳು.

ರೋಷನನಿಗೂ ಹೇಳಿದೆ. ಸಿಟ್ಟು ಮಾಡಿ ಫೋನ್ ಇಟ್ಟ. ಆ ಹುಡುಗಿಯದೇನು ತಪ್ಪು, ಅವಳಿಗೆ ಜಾಗ ಬೇಕಾದರೆ ಹೊಸ ಕಟ್ಟಡದಲ್ಲಿ ಕೇಳಿ ಪಡೆಯಲಿ, ಅವಳಿಗೂ ಪಕ್ಕದಲ್ಲಿ ಒಬ್ಬಳು ಸಿಗುತ್ತಾಳೆ. ಆದರೆ ನನ್ನ ಪಕ್ಕ ಖಾಲಿ ಇಲ್ಲ.

ನಿನ್ನ ಪಕ್ಕದವಳು
ಹೀರಾ

•

ಅಂಕೋಲಾ
೩೦ ನವೆಂಬರ್ ೨೦೨೫

ಗಂಗೂ,

ನಿನ್ನೆ ಹಳೇ ಮಾರ್ಕೆಟ್ಟು ಖಾಲಿ ಮಾಡಿದೆವು. ಎಲ್ಲರೂ ಬುಟ್ಟಿ, ಮಣೆ, ಕತ್ತಿ ಹೊತ್ತು ಹೊಸ ಕಟ್ಟಡಕ್ಕೆ ಹೊರಟರು. ನನ್ನ ಫಜೀತಿ ಕೇಳು. ಎತ್ತಬಾರದ ಬುಟ್ಟಿಯನ್ನು ಒಯ್ಯಲೇಬೇಕು; ಜಾಗವೇ ಬದಲಾಗುವಾಗ ಎತ್ತಬಹುದು, ಆದರೆ ಮಗುಚುವ ಹಾಗಿಲ್ಲ ಎಂದಳು ನಾಗಕ್ಕ. ಕೊನೆಗೆ ಕವುಚಿದ ಹಾಗೆಯೇ ತಲೆಯ ಮೇಲೆ ಇಟ್ಟುಕೊಂಡೆ. ಕುತ್ತಿಗೆವರೆಗೆ ಇಳಿಯಿತು! ಕಣ್ಣಿಗೆ ಏನೂ ಕಾಣುವುದಿಲ್ಲ. ಸುಮಲತಾ ನನ್ನ ಕೈ ಹಿಡಿದು ರಸ್ತೆಯ ಮೇಲೆ ನಡೆಸಿಕೊಂಡು ಹೋದಳು. ಬಿದಿರಿನ ಸಂದಿಯಲ್ಲಿ ಜನರ ಕಾಲು ಮಾತ್ರ ಕಾಣುತ್ತಿತ್ತು, ನಗು ಕೇಳುತ್ತಿತ್ತು. ನಾಗಕ್ಕ ಹಿಂದಿನಿಂದ, "ದಾರಿ ಬಿಡಿ, ಹುಂಜ ಬರ್ತದೆ" ಎಂದು ಕೂಗುತ್ತಿದ್ದಳು. ನಾನೂ ಒಳಗಿನಿಂದ ನಕ್ಕೆ. ಬುಟ್ಟಿಯೊಳಗೆ ಇನ್ನೂ ಮೀನಿನ ವಾಸನೆ ಇತ್ತು, ಎರಡು ವರ್ಷ ಮೀನು ಕಾಣದಿದ್ದರೂ.

ಇಪ್ಪತ್ತನಾಲ್ಕರ ಮೇಲೆ ಇಟ್ಟಿದ್ದೇನೆ. ಬಿಳಿ ಕಲ್ಲು, ನಲ್ಲಿ ಇದೆ, ಕೂತರೆ ತಣ್ಣಗಾಗುತ್ತದೆ, ಒಂದು ಗೋಣಿ ತಾ.

ಏಳನೇ ತಾರೀಕು, ಭಾನುವಾರ, ವ್ಯಾಪಾರ ಶುರು. ಬರುತ್ತೀ ತಾನೆ?

ಹೀರಾ

•

ಹಬ್ಬುವಾಡ
೩ ಡಿಸೆಂಬರ್ ೨೦೨೫

ಹೀರಕ್ಕಾ,

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಟೀಚರೂ ಬರುತ್ತಾರಂತೆ, ಬುಟ್ಟಿ ನೋಡಬೇಕಂತೆ. ಗಾಳಿ ಬರುವ ಕಡೆ ಒಂದು ಕುರ್ಚಿ ಹಾಕಿಸು.

ನನ್ನ ಕೈ ಮೆತ್ತಗಾಗಿದೆ, ಸೀರೆ ಮಡಿಸಿ ಮಡಿಸಿ. ಮೊದಲ ದಿನ ಮುಳ್ಳು ಚುಚ್ಚಿಕೊಳ್ಳುತ್ತೇನೆ, ಬೈಯಬೇಡ. ಬೈದರೂ ಸರಿ.

ನಾನು ಬರುವುದು ಐದು ಹತ್ತು ನಿಮಿಷ ತಡವಾಗಬಹುದು. ಗಿರಾಕಿ ಬಂದರು, ಜಾಗ ಇಕ್ಕಟ್ಟಾಯಿತು ಎಂದು ಬುಟ್ಟಿಗೆ ಕೈ ಹಚ್ಚಬೇಡ. ನಾನೇ ಬಂದು ಮಗುಚುತ್ತೇನೆ.

ನಿನ್ನ ಪಕ್ಕದವಳು
ಗಂಗೆ